ಹೊಂಡ ಮತ್ತು ಹೊಂಡ್ರಿ

ನಾನು ಮೋಟಾರ್ ಸೈಕಲ್ ಓಡಿಸುವುದನ್ನು ಬಿಟ್ಟದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಕಾರಣ ಕೇಳಿದವರಿಗೆ ಕಣ್ಣು ಎಂದು ಹೇಳುತ್ತೇನೆ, ಅದು ನಿಜವೇ. ಆದರೆ ಆ ನಿಜದವರೆಗೆ ನನ್ನನ್ನು ಎಳೆದೊಯ್ದದ್ದು ಒಂದು ಶಬ್ದ. ಅದೂ, ನನ್ನ ಹೆಂಡತಿಯ ಬಾಯಲ್ಲಿ ತಿದ್ದಲು ನಾನು ವರ್ಷಗಟ್ಟಲೆ ಹೆಣಗಿ ಸೋತಿದ್ದ ಶಬ್ದ.

ಪುಣೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಹದಿನಾರು ವರ್ಷ ವ್ಯಾಕರಣ ಕಲಿಸಿದವನು ನಾನು. ಸಂಧಿ ತಪ್ಪಿದರೆ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದೆ; ಒತ್ತಕ್ಷರವನ್ನು ನುಂಗಿದವರನ್ನು ನಿಲ್ಲಿಸಿ ಮತ್ತೆ ಹೇಳಿಸುತ್ತಿದ್ದೆ. ಮಕ್ಕಳ ಸಂಖ್ಯೆ ಇಳಿಯುತ್ತ ಬಂದು ತರಗತಿಯಲ್ಲಿ ಬೆಂಚುಗಳೇ ಹೆಚ್ಚಾದಾಗ, ತೊಂಬತ್ತರ ದಶಕದ ನಡುವೆ, ಶಾಲೆ ಬಿಟ್ಟು ಭೋಸರಿಯ ಒಂದು ಕಾರ್ಖಾನೆಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಮನೆ ನಗರದ ಇನ್ನೊಂದು ಬದಿಗೆ, ಕೋಥರೂಡದಲ್ಲಿ. ಮೊದಲ ಮಳೆಗಾಲವನ್ನು ಎರಡು ಬಸ್ಸು ಬದಲಿಸಿ ಕಳೆದೆ. ದೀಪಾವಳಿಗೆ ಮೋಟಾರ್ ಸೈಕಲ್ ಮನೆಗೆ ಬಂತು.

ನಲವತ್ತು ದಾಟಿದ ಮೇಲೆ ಕಲಿತ ವಿದ್ಯೆ ಅದು. ಆದ್ದರಿಂದಲೇ ಇರಬೇಕು, ಅದರ ಬೆರಗು ನನ್ನಲ್ಲಿ ಕೊನೆಯವರೆಗೂ ಕರಗಲಿಲ್ಲ. ನಿಂತಾಗ ಆಸರೆಯಿಲ್ಲದೆ ಬಿದ್ದುಹೋಗುವ ವಸ್ತು ಓಡುವಾಗ ಮಾತ್ರ ನೆಟ್ಟಗಿರುತ್ತದೆ ಎಂಬ ಸಂಗತಿಯನ್ನು ನನಗೆ ಯಾರೂ ಸಮಾಧಾನವಾಗುವಂತೆ ವಿವರಿಸಲಿಲ್ಲ. ಮುಂಜಾನೆ ದಾಪೋಡಿಯ ಸೇತುವೆಯ ಮೇಲೆ ಹೋಗುವಾಗ ನದಿಯ ತಣುಪು ಮೊದಲು ಮೊಳಕಾಲಿಗೆ, ಆಮೇಲೆ ಎದೆಗೆ ಏರುತ್ತಿತ್ತು; ಸೇತುವೆ ಮುಗಿದ ಕೂಡಲೇ ಹೊದಿಕೆ ತೆಗೆದಂತೆ ಇಳಿದುಹೋಗುತ್ತಿತ್ತು. ಬಸ್ಸಿನ ಕಿಟಕಿಯಿಂದ ಒಂದು ಮಳೆಗಾಲವಿಡೀ ನೋಡಿದ ನದಿಗೆ ಒಂದು ಮೈಯಿದೆ ಎಂದು ನನಗೆ ತಿಳಿದದ್ದು ಹಾಗೆ. ಭೋಸರಿ ಕಣ್ಣಿಗೆ ಬೀಳುವ ಮೊದಲೇ ಕಾದ ಕಬ್ಬಿಣದ, ಎಣ್ಣೆಯ ವಾಸನೆ ಬಂದು ಮುಟ್ಟುತ್ತಿತ್ತು. ಪ್ರತಿದಿನವೂ ಕಾರ್ಖಾನೆಯ ಅಂಗಳದಲ್ಲಿ ಇಳಿದ ಮೇಲೆ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದ್ದೆ. ಸಹೋದ್ಯೋಗಿಗಳು ನಾನು ಎಂಜಿನ್ನಿನ ಶಬ್ದ ಪರೀಕ್ಷಿಸುತ್ತಿದ್ದೇನೆ ಎಂದುಕೊಂಡಿದ್ದರು.

ದಾರಿಯ ಅರ್ಧದವರೆಗೆ ಹೆಂಡತಿ ಜೊತೆಗಿರುತ್ತಿದ್ದಳು. ಶಿವಾಜಿನಗರದ ಕಚೇರಿಯೊಂದರಲ್ಲಿ ಅವಳಿಗೆ ಗುಮಾಸ್ತೆಯ ಕೆಲಸ. ಸೆರಗು ಚಕ್ರಕ್ಕೆ ಸಿಗದಂತೆ ಮಡಿಲಿಗೆ ಎಳೆದುಕೊಂಡು, ಬಲಗೈಯನ್ನು ನನ್ನ ಹೆಗಲ ಮೇಲಿಟ್ಟು, ದಿನವೂ ಒಂದೇ ಅಪ್ಪಣೆ ಕೊಡುವಳು: “ಹೊಂಡ್ರಿ.” ಧಾರವಾಡ ಕಡೆಯ ನಮ್ಮ ಮನೆಗಳಲ್ಲಿ ‘ಹೊರಡಿರಿ’ ಎಂಬುದು ಸವೆದು ಹೀಗಾಗಿದೆ. ನನಗೆ ಅದನ್ನು ಕೇಳಿ ಸಹಿಸಲಾಗುತ್ತಿರಲಿಲ್ಲ.

“ಹೊರಡಿರಿ ಅನಬೇಕು,” ಎಂದೆ ಒಂದು ದಿನ. “ಹೊಂಡ ಅಂದ್ರ ತಗ್ಗು. ಹೊಂಡ್ರಿ ಅಂದ್ರ, ಏ ತಗ್ಗೇ ಅಂತ ನನ್ನನ್ನ ಮರ್ಯಾದಿ ಕೊಟ್ಟು ಕರದಂಗಾತು.”

“ನೀವು ಶುದ್ಧ ಮಾಡಿಕೋತ ಇಲ್ಲೇ ನಿಂದರ್ರಿ. ನಾ ರಿಕ್ಷಾದಾಗ ಹೋಗತೀನಿ.”

ನಾನು ಹೊರಟೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದಾಗ ಅವಳಿಗೆ ಒಂದು ಹೊಸ ರೂಢಿ ಬಂತು. ಗಾಡಿಯ ಮೇಲೆ ಕುಳಿತರೆ ಸಾಕು, ಮಾತು. “ಎಡಕ್ಕ ನೋಡ್ರಿ, ಸಾಲೀ ಹುಡುಗ್ಯಾರು ದಾಟ್ಲಿಕ್ಕತ್ತಾರ, ಎಷ್ಟ ಛಂದ ರಿಬ್ಬನ್ ಕಟ್ಟ್ಯಾರ.” “ಮುಂದ ಮತ್ತ ರಸ್ತೆ ಅಗದಾರ. ಹೋದ ವಾರಾನೂ ಅಗದಿದ್ರು. ಇವರಿಗೆ ಅಲ್ಲೆ ಏನ ಸಿಗತದರೀ ಅಂತೀನಿ.” “ಬಲಕ್ಕ ಎಮ್ಮಿ ಬಂತು, ಭಾಳ ಗಂಭೀರ ಅದ, ನಿಮ್ಮ ಹೆಡ್‌ಮಾಸ್ತರ ನಡದಂಗ.” ಪ್ರತಿ ಕೂಡುರಸ್ತೆಗೂ ಒಂದು ವಾಕ್ಯ. ವಯಸ್ಸಾಗುತ್ತ ಬಾಯಿ ಸಡಿಲವಾಗಿದೆ ಎಂದು ನಾನು ತೀರ್ಮಾನಿಸಿದೆ. ಹೇಳಿದ್ದನ್ನೇ ಹೇಳುವುದಕ್ಕೆ ವ್ಯಾಕರಣದಲ್ಲಿ ಪುನರುಕ್ತಿದೋಷ ಎನ್ನುತ್ತಾರೆ ಎಂದು ತಿಳಿಸಿದೆ.

“ಚಾಲಕನ ಜೊತೆ ಮಾತಾಡಬಾರದು ಅಂತ ಬಸ್ಸಿನ್ಯಾಗ ಬರದಿರತಾರ, ನೋಡಿಲ್ಲೇನು?”

“ಬಸ್ಸಿನ್ಯಾಗ ಬರದಾರ. ನಿಮ್ಮ ಬೆನ್ನ ಮ್ಯಾಲೆ ಬರದಿಲ್ಲಲ್ಲ.”

ಅವಳು ಇಳಿದ ಮೇಲಿನ ದಾರಿಯಲ್ಲಿ ಆಗ ಕೆಲವು ಸಣ್ಣ ಸಂಗತಿಗಳು ನಡೆಯುತ್ತಿದ್ದವು. ರಸ್ತೆಯುಬ್ಬಿನ ಮೇಲೆ ಗಾಡಿ ಹಾರುತ್ತಿತ್ತು. ಪಾಲಿಕೆಯವರು ಬಣ್ಣ ಬಳಿದಿಲ್ಲವೆಂದು ಬೈದುಕೊಂಡೆ. ಒಬ್ಬ ಸೈಕಲ್ಲಿನವನ ಹ್ಯಾಂಡಲ್ ನನ್ನ ಪಾದಕ್ಕೆ ತಗುಲಿತು, ಸೈಕಲ್ಲಿನವರಿಗೆ ಶಿಸ್ತಿಲ್ಲವೆಂದುಕೊಂಡೆ. ಪ್ರತಿಯೊಂದಕ್ಕೂ ಕರ್ತೃ ಬೇರೆಯವನೇ ಆಗಿದ್ದ.

ಮರುವರ್ಷದ ಮಳೆಗಾಲದ ಕೊನೆಗೆ, ಒಂದು ರವಿವಾರ, ಕೊಂಢವಾದಲ್ಲಿರುವ ಅವಳ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಸಂಜೆ ಐದರ ಹೊತ್ತಿಗೆ ವಾಪಸು ಹೊರಟಾಗ ಬಿಸಿಲಿತ್ತು. ಅಲ್ಲಿ ಎತ್ತ ನೋಡಿದರೂ ಹೊಸ ಕಟ್ಟಡಗಳು ಏಳುತ್ತಿದ್ದವು. ಮರಳಿನ ಲಾರಿಯೊಂದು ಹಿಂದಕ್ಕೆ ಸರಿಯುತ್ತ ರಸ್ತೆಗೆ ಅಡ್ಡವಾಗಿತ್ತು. ಎಂಜಿನ್ ಚಾಲೂ ಇಟ್ಟು, ಕ್ಲಚ್ ಹಿಡಿದು ಕಾಯುತ್ತಿದ್ದೆ. ಲಾರಿ ಒಳಗೆ ಹೋಯಿತು. ಹಿಂದಿನಿಂದ, ಹೆಲ್ಮೆಟ್ಟಿನ ಮೆತ್ತೆಯನ್ನು ದಾಟಿ, ಅವಳ ದನಿ ಕೇಳಿತು: “ಹೊಂಡ್ರಿ!”

ಎಂದಿಲ್ಲದ ವಿಧೇಯತೆಯಿಂದ ನಾನು ಕ್ಲಚ್ ಬಿಟ್ಟು ಎಕ್ಸಲರೇಟರ್ ತಿರುಗಿಸಿದೆ. ಮುಂದಿನ ಚಕ್ರ ನೀರು ತುಂಬಿದ ಹೊಂಡದೊಳಗೆ ಇಳಿಯಿತು. ಅವಳು ಹೇಳಿದ್ದು “ಹೊಂಡ, ರೀ!” ಎಂದು.

ನಾನು ಮಣ್ಣಿನ ಗುಡ್ಡೆಯ ಮೇಲೆ ಬಿದ್ದೆ. ಒಂದು ಗೀರೂ ಆಗಲಿಲ್ಲ. ಅವಳು ಮಣಿಕಟ್ಟಿನ ಮೇಲೆ ಬಿದ್ದಳು. ಕಟ್ಟಡದ ಕೆಲಸದವರು ಓಡಿಬಂದು ನಮ್ಮನ್ನೂ ಗಾಡಿಯನ್ನೂ ಎತ್ತಿದರು. ಅವರಲ್ಲಿ ವಯಸ್ಸಾದವನೊಬ್ಬ ನನ್ನ ಮುಖವನ್ನೇ ನೋಡುತ್ತ ಮರಾಠಿಯಲ್ಲಿ ಕೇಳಿದ: “ಕಾಯ್ ಕಾಕಾ, ಏವಢಾ ಖಡ್ಡಾ ದಿಸಲಾ ನಾಹೀ?” ಇಷ್ಟು ದೊಡ್ಡ ತಗ್ಗು ಕಾಣಲಿಲ್ಲವೇ ಎಂದು. ನಾನು ತಿರುಗಿ ನೋಡಿದೆ. ಒಂದು ಎಮ್ಮೆ ಮಲಗಬಹುದಾದಷ್ಟು ಅಗಲವಾಗಿತ್ತು ಅದು. ಆಕಾಶವೆಲ್ಲ ಅದರಲ್ಲಿ ಹೊಳೆಯುತ್ತಿತ್ತು.

ಆಸ್ಪತ್ರೆಯಲ್ಲಿ ಅವಳ ಕೈಗೆ ಪ್ಲಾಸ್ಟರ್ ಹಾಕಿ ಹೊರಗೆ ಕೂರಿಸಿದಾಗ ನಾನು ನನ್ನ ಪಕ್ಷವನ್ನು ಮಂಡಿಸಿದೆ. ‘ಹೊಂಡ’ಕ್ಕೂ ‘ರೀ’ಗೂ ನಡುವೆ ಸ್ಪಷ್ಟವಾದ ಬಿಡುವು ಇರಲಿಲ್ಲ. ಸಂಬೋಧನೆ ಶಬ್ದಕ್ಕೆ ಅಂಟಿಕೊಂಡಿತ್ತು. ‘ಹೊರಡಿರಿ’ ಎಂಬ ಶುದ್ಧರೂಪವನ್ನೇ ಬಳಸುತ್ತಿದ್ದರೆ ಇಂಥ ಸಂದಿಗ್ಧಕ್ಕೆ ಆಸ್ಪದವೇ ಇರುತ್ತಿರಲಿಲ್ಲ. ನೋವಿನಲ್ಲೂ ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

“ನಿಮಗ ತಪ್ಪ ಕೇಳಿಸಿದ್ದು ಖರೇ ಅದ. ಆದ್ರ ಕಂಡಿದ್ರ, ನಾ ಹೇಳೋದರ ಯಾಕ ಬೇಕಿತ್ತರೀ?”

ಅವಳೇ ಮುಂದುವರಿಸಿದಳು. “ವರ್ಷದ ಮ್ಯಾಲಾತು. ಕೆಳಗ ಇದ್ದದ್ದು ನಿಮಗ ಕಾಣೂದಿಲ್ಲ. ಮನ್ಯಾಗೂ ಹೊಸ್ತಿಲಾ ಎಡವತೀರಿ, ಚಪ್ಪಲಿ ಕಾಲಿಲೇ ಹುಡುಕತೀರಿ. ಅದಕ್ಕ ದಾರಿಯೆಲ್ಲಾ ಓದಿಕೋತ ಬರತಿದ್ದೆ.”

“ಮತ್ತ ಬಾಯಿ ಬಿಟ್ಟು ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ವ್ಯಾಕರಣ ತೆಗೀತಿದ್ರಿ.”

ಆ ಬೆಂಚಿನ ಮೇಲೆ ಕುಳಿತು ಅವಳ ದಾರಿಯ ಮಾತುಗಳನ್ನು ಒಂದೊಂದಾಗಿ ನೆನೆದೆ. ರಿಬ್ಬನ್ನು, ಅಗೆದ ರಸ್ತೆ, ಗಂಭೀರವಾದ ಎಮ್ಮೆ—ಒಂದೊಂದೂ ಸರಿಯಾದ ಕ್ಷಣಕ್ಕೆ, ಸರಿಯಾದ ದಿಕ್ಕಿನ ಹೆಸರಿನೊಂದಿಗೆ ನನ್ನ ಕಿವಿಗೆ ಬಂದಿತ್ತು. ನಾನು ಆ ವಾಕ್ಯಗಳನ್ನು ಕೇಳುತ್ತ, ಬೈಯುತ್ತ, ಅರಿವಿಲ್ಲದೆ ಹ್ಯಾಂಡಲ್ ತಿರುಗಿಸುತ್ತಿದ್ದೆ. ದೋಷವೆಂದು ನಾನು ಕೆಂಪು ಗೆರೆ ಎಳೆದ ಮಾತುಗಳ ಮೇಲೆಯೇ ಒಂದು ವರ್ಷ ನಾವಿಬ್ಬರೂ ಕೋಥರೂಡದಿಂದ ಶಿವಾಜಿನಗರಕ್ಕೆ ಜೀವಂತ ತಲುಪಿದ್ದೆವು. ನಾನು ಓದಿದ ಯಾವ ಗದ್ಯದಲ್ಲಿಯೂ ಒಂದು ಶಬ್ದಕ್ಕೆ ಅಷ್ಟು ಕೆಲಸ ಇದ್ದದ್ದನ್ನು ಕಂಡಿಲ್ಲ.

ಕಣ್ಣಿನ ವೈದ್ಯೆ ನನ್ನ ಗದ್ದವನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಇಡಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿಯಾದರೂ ಬೆಳಕಿನ ಚುಕ್ಕೆ ಕಂಡರೆ ಗುಂಡಿ ಒತ್ತಬೇಕು. ಒತ್ತುತ್ತ ಹೋದೆ. ನಡುನಡುವೆ ಯಂತ್ರ ಬಹಳ ಹೊತ್ತು ಸುಮ್ಮನಾಗುತ್ತಿತ್ತು. ಹೊರಬಂದು, ನಿಮ್ಮ ಯಂತ್ರ ಆಗಾಗ ನಿಲ್ಲುತ್ತದೆ, ರಿಪೇರಿ ಮಾಡಿಸಿ ಎಂದು ಹೇಳಿದೆ. ವೈದ್ಯೆ ಕಾಗದವನ್ನು ನನ್ನ ಮುಂದಿಟ್ಟರು. ಎರಡು ಕಣ್ಣಿನ ಚಿತ್ರದಲ್ಲೂ ಕೆಳಗಿನ ಭಾಗ ಕಪ್ಪಾಗಿತ್ತು. ಯಂತ್ರ ಒಮ್ಮೆಯೂ ನಿಂತಿರಲಿಲ್ಲ.

ಗ್ಲಾಕೋಮಾ ಎಂದರು. ಹನಿಮದ್ದಿನಿಂದ ಉಳಿದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಹಾಗಾದರೆ ನನಗೆ ಅಲ್ಲಿ ಕತ್ತಲೆ ಏಕೆ ಕಾಣುವುದಿಲ್ಲ ಎಂದು ಕೇಳಿದೆ. ಕಾಣದ ಜಾಗವನ್ನು ಮಿದುಳು ಸುತ್ತಲಿನ ಬಣ್ಣದಿಂದ ತಾನೇ ತುಂಬಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಹೊಂಡವಿರುವಲ್ಲಿ ನನಗೆ ಸಮತಟ್ಟಾದ ರಸ್ತೆ ಕಂಡದ್ದು ಹಾಗೆ. ‘ಬಿಟ್ಟ ಸ್ಥಳಗಳನ್ನು ತುಂಬಿರಿ’ ಎಂಬ ಪ್ರಶ್ನೆಯನ್ನು ಸಾವಿರಾರು ಮಕ್ಕಳಿಗೆ ಕೊಟ್ಟವನು ನಾನು. ನನ್ನದೇ ತಲೆ ಅದೇ ಪ್ರಶ್ನೆಗೆ ಹಗಲೂರಾತ್ರಿ ಉತ್ತರ ಬರೆಯುತ್ತಿತ್ತು, ಎಲ್ಲವೂ ತಪ್ಪು, ಎಲ್ಲವೂ ದುಂಡಾದ ಅಕ್ಷರದಲ್ಲಿ.

“ಸರ್, ಗಾಡಿ ಆತಾ ಬಂದ್ ಕರಾ,” ಎಂದರು ವೈದ್ಯೆ. ಗಾಡಿ ಇನ್ನು ನಿಲ್ಲಿಸಿ.

ನಾನು ಅಷ್ಟು ಸುಲಭದಲ್ಲಿ ನಿಲ್ಲಿಸುವವನಾಗಿರಲಿಲ್ಲ. ಆ ಸೇತುವೆಯ ತಣುಪು, ಆ ಅರ್ಧ ನಿಮಿಷ, ಅವು ನನ್ನಂಥ ಶುಷ್ಕ ಮನುಷ್ಯನಿಗೆ ನಡುವಯಸ್ಸಿನಲ್ಲಿ ಸಿಕ್ಕ ಸಂಪತ್ತು. ಮನೆಗೆ ಬಂದು ಒಂದು ಒಪ್ಪಂದ ಮುಂದಿಟ್ಟೆ.

“ಹಗಲೊತ್ತಿನ್ಯಾಗ ಅಷ್ಟ. ನಿನ್ನನ್ನ ಕೂಡಿಸಿಕೊಳ್ಳೂದಿಲ್ಲ. ಒಬ್ಬಾವನ ಹೋಗತೀನಿ.”

“ರಸ್ತೆದಾಗ ನೀವೊಬ್ಬರ ಇರತೀರೇನು?” ಎಂದಳು. “ಆ ರಿಬ್ಬನ್ ಹುಡುಗ್ಯಾರು ನಿಮ್ಮ ಮೊಳಕಾಲಷ್ಟ ಎತ್ತರ ಅದಾರ.”

ಗಾಡಿ ಬಿಡಿ ಎಂದು ಅವಳು ಹೇಳಲಿಲ್ಲ. ಕೀಲಿ ಅಡಗಿಸಿಡಲೂ ಇಲ್ಲ. ಅದು ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು.

ಮೂರು ದಿನ ಯೋಚಿಸಿದೆ. ನಾಲ್ಕನೆಯ ದಿನ, ಪರೀಕ್ಷೆಯಿಲ್ಲದೆ ಯಾರನ್ನೂ ಅನುತ್ತೀರ್ಣಗೊಳಿಸಿದವನಲ್ಲವಾದ್ದರಿಂದ, ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಪಡಸಾಲೆಯ ಗೋಡೆಯ ಕ್ಯಾಲೆಂಡರಿನ ಒಂದು ಅಂಕೆಯ ಮೇಲೆ ದೃಷ್ಟಿ ನೆಟ್ಟು ನಿಂತೆ. ಅವಳು ಪ್ಲಾಸ್ಟರಿಲ್ಲದ ಕೈಯಲ್ಲಿ ಒಂದು ಕೆಂಪು ಕರವಸ್ತ್ರ ಹಿಡಿದು ನನ್ನ ಮುಂದೆ ಮೆಲ್ಲಗೆ ಕೆಳಗಿಳಿಸತೊಡಗಿದಳು. ಕಾಣುತ್ತಿದೆ, ಕಾಣುತ್ತಿದೆ ಎಂದು ಹೇಳುತ್ತಿದ್ದೆ. ಅವಳ ಸೊಂಟದ ಹತ್ತಿರ ಅದು ಕಾಣದಾಯಿತು. ಮಸುಕಾಗಲಿಲ್ಲ, ಕಪ್ಪಾಗಲಿಲ್ಲ. ಅದಿದ್ದ ಜಾಗದಲ್ಲಿ ನೆಲದ ಫರಸಿಕಲ್ಲಿನ ಬೂದುಬಣ್ಣ ಶಾಂತವಾಗಿ ಹರಡಿಕೊಂಡಿತು. ಕೆಂಪೂ ಇಲ್ಲ, ಬೆರಳುಗಳೂ ಇಲ್ಲ.

“ಎಲ್ಲದ?”

“ಹಿಡಕೊಂಡ ನಿಂತೀನಲ್ಲರೀ,” ಎಂದಳು. “ಅಲ್ಲಾಡಿಸಲಿಕ್ಕತ್ತೀನಿ.”

ಎಷ್ಟೋ ಹೊತ್ತು ನಾನು ಅಂಕೆಯಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ಸುಂದರವಾದ ಸುಳ್ಳನ್ನು ನಾನೆಂದೂ ಕಂಡಿರಲಿಲ್ಲ. ಆ ಬೂದುಬಣ್ಣದಲ್ಲಿ ಒಂದು ಮಗು ನಿಂತಿದ್ದರೂ ನಾನು ನಿಶ್ಚಿಂತೆಯಿಂದ ಗೇರ್ ಬದಲಿಸುತ್ತಿದ್ದೆ. ಮೊಳೆಯಿಂದ ಕೀಲಿ ತೆಗೆದು ಅವಳ ಕೈಗಿಟ್ಟೆ.

ಗಾಡಿಯನ್ನು ನಮ್ಮ ಹೌಸಿಂಗ್ ಸೊಸೈಟಿಗೆ ನಲ್ಲಿ ರಿಪೇರಿಗೆ ಬರುತ್ತಿದ್ದ ಪ್ಲಂಬರ್ ತೆಗೆದುಕೊಂಡ. ಅವನಿಗೆ ಚೋಕ್ ಎಳೆಯುವ ಕ್ರಮ, ಎರಡನೆಯ ಗೇರಿನ ಹಟಮಾರಿತನ, ಚೈನಿಗೆ ಎಣ್ಣೆ ಬಿಡುವ ದಿನ, ಎಲ್ಲವನ್ನೂ ಅನುಕ್ರಮವಾಗಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಹತ್ತಿ, ಹೊರಟ. ನಾವಿಬ್ಬರೂ ಗೇಟಿನ ಬಳಿ ನಿಂತು ನೋಡಿದೆವು.

ಆಗ ನನಗೆ ಹೊಳೆಯಿತು: ಆ ಗಾಡಿ ಓಡುವುದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಅಷ್ಟು ವರ್ಷ ಅದರ ಮೇಲೆಯೇ ಇದ್ದೆ. ದೂರದ್ದು, ನೇರ ಮುಂದಿನದು ನನಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅದು ಬೆಳಗಿನ ಬಿಸಿಲಿನಲ್ಲಿ ರಸ್ತೆಯ ಕೊನೆಯವರೆಗೆ ನೆಟ್ಟಗೆ ಹೋಗಿ, ತಿರುವಿನಲ್ಲಿ, ಮನುಷ್ಯನ ಸಮೇತ, ಇನ್ನೇನು ನೆಲ ಮುಟ್ಟುತ್ತದೆ ಎನ್ನುವಷ್ಟು ವಾಲಿತು. ಬೀಳಲಿಲ್ಲ. ವಾಲಿಕೊಂಡೇ ತಿರುಗಿ, ಎದ್ದು, ಮರೆಯಾಯಿತು.

“ಅಯ್ಯ,” ಎಂದಳು ಅವಳು, ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು. “ನಾವು ಕೂತಾಗನೂ ಹಿಂಗ ವಾಲತಿತ್ತೇನ್ರೀ?”

“ವಾಲತಿದ್ದಿರಬೇಕು,” ಎಂದೆ.