ಮೂಳೆ ಆಂಟಿ ನೀರಾನೆಯನ್ನು ಕಳಿಸಿದ ಕಥೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನಿಂದ ಇಳಿದು ಎಡಕ್ಕೆ ತಿರುಗಿದರೆ ಎಕ್ಸ್‌ರೇ ಕೋಣೆ. ಭಾರವಾದ ಬಾಗಿಲು, ಬಾಗಿಲ ಮೇಲೊಂದು ಕೆಂಪು ದೀಪ, ಒಳಗೆ ಬೇಸಿಗೆಯಲ್ಲೂ ತಣ್ಣಗೆ ಕೊರೆಯುವ ಮೇಜು. ಅಲ್ಲಿ ಮಕ್ಕಳ ಕೈಕಾಲು ಹಿಡಿದು ಚಿತ್ರ ತೆಗೆಯುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಯಂತ್ರಕ್ಕೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಮಕ್ಕಳು ಅವಳನ್ನು ಮೂಳೆ ಆಂಟಿ ಎಂದು ಕರೆದರು, ನರ್ಸುಗಳು ಹಾಗೇ ಕರೆದರು, ಕೊನೆಗೆ ದೊಡ್ಡ ಡಾಕ್ಟರೂ ಫೋನಿನಲ್ಲಿ, "ಯಾರು, ಮೂಳೆ ಆಂಟಿನಾ?" ಎನ್ನತೊಡಗಿದರು. ಅವಳು ತಿದ್ದುವ ಗೋಜಿಗೆ ಹೋಗಲಿಲ್ಲ. ದಿನವಿಡೀ "ಅಲ್ಲಾಡಬೇಡ, ಅಲ್ಲಾಡಬೇಡ" ಎಂದು ಗಂಟಲು ಹರಿದುಕೊಳ್ಳುವವಳಿಗೆ ಇನ್ನೊಬ್ಬರ ಜೊತೆ ಜಗಳಕ್ಕೆ ತ್ರಾಣ ಎಲ್ಲಿಂದ ಬರಬೇಕು?

ಆ ಕೆಲಸದಲ್ಲಿ ಕಾಟ ಯಂತ್ರದ್ದಲ್ಲ, ಮಕ್ಕಳದ್ದು. ಮುರಿದ ಕೈಯನ್ನು ಆ ತಣ್ಣನೆಯ ಮೇಜಿನ ಮೇಲೆ ಇಟ್ಟುಕೊಂಡು ಒಂದು ಗಳಿಗೆ ಸುಮ್ಮನಿರು ಎಂದರೆ ಯಾವ ಮಗು ತಾನೇ ಸುಮ್ಮನಿರುತ್ತದೆ? ಅಲ್ಲಾಡಿದರೆ ಚಿತ್ರ ಮಸುಕಾಗುತ್ತದೆ. ಮಸುಕಾದರೆ ಮೇಲಿನಿಂದ ಮೂಳೆ ಡಾಕ್ಟರು, "ಇದೇನ್ರೀ, ಮೋಡದ ಫೋಟೋ ಕಳಿಸಿದ್ದೀರಿ?" ಎಂದು ಕೂಗಾಡುತ್ತಾರೆ. ಹೀಗೆ ಎರಡು ಸಲ ಮೋಡ ಕಳಿಸಿ, ಮೂರನೇ ಸಲಕ್ಕೆ ಪಿತ್ತ ನೆತ್ತಿಗೇರಿದ್ದ ಒಂದು ಬೆಳಗ್ಗೆ, ಕಿರುಚಿ ಒದೆಯುತ್ತಿದ್ದ ಪುಟ್ಟ ಹುಡುಗಿಯ ಕಿವಿಯ ಹತ್ತಿರ ಬಗ್ಗಿ ಮೂಳೆ ಆಂಟಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ನೋಡು, ಈ ಮೇಜಿನ ಕೆಳಗೆ ಒಂದು ನೀರಾನೆ ಮಲಗಿದೆ. ನೀನು ಅಲ್ಲಾಡಿದ್ರೆ ಅದು ಎದ್ದುಬಿಡುತ್ತೆ. ಎದ್ರೆ ತಿಂಡಿ ಕೇಳುತ್ತೆ. ನನ್ನ ಹತ್ರ ತಿಂಡಿ ಇಲ್ಲ."

ಹುಡುಗಿಯ ಬಾಯಿ ಥಟ್ಟನೆ ಮುಚ್ಚಿತು. ಯಂತ್ರ ಗುರ್ ಎಂದಿತು.

"ಅದೇ ಗೊರಕೆ," ಎಂದಳು ಮೂಳೆ ಆಂಟಿ. ಚಿತ್ರದಲ್ಲಿ ಪುಟ್ಟ ಕೈಯ ಒಂದೊಂದು ಮೂಳೆಯೂ ಕೊರೆದಿಟ್ಟಂತೆ ಕಂಡಿತು.

ಅಂದಿನಿಂದ ನೀರಾನೆ ಅಲ್ಲೇ ಠಿಕಾಣಿ ಹೂಡಿತು, ಒಂದೊಂದು ಮಗುವಿಗೂ ಅದರ ಬಗ್ಗೆ ಒಂದೊಂದು ಹೊಸ ಸುದ್ದಿ ಹುಟ್ಟಿತು. ಆದರೆ ಮುರಿದ ಮೂಳೆಯ ಮಕ್ಕಳು ಒಂದೇ ಸಲ ಬಂದು ಹೋಗುವವರಲ್ಲ. ಪಟ್ಟಿ ಬಿಚ್ಚುವ ಮೊದಲು ಮತ್ತೆ ಚಿತ್ರ ತೆಗೆಸಲು ಬರುತ್ತಾರೆ, ಬಂದವರು ಬಾಗಿಲಲ್ಲೇ ವಿಚಾರಣೆ ಶುರು ಮಾಡುತ್ತಾರೆ. "ನೀರಾನೆಗೆ ಹಲ್ಲು ನೋವಿತ್ತಲ್ಲ, ಹೋಯ್ತಾ?" ಎಂದು ಒಬ್ಬಳು ಕೇಳಿದಾಗ ಮೂಳೆ ಆಂಟಿ, "ಯಾವ ಹಲ್ಲು ನೋವು?" ಎಂದುಬಿಟ್ಟಳು. ಮಗು ತಾಯಿಯ ಕಡೆ ತಿರುಗಿ, "ಅಮ್ಮಾ, ಇವರು ಬೇರೆ ಆಂಟಿ," ಎಂದಿತು. ಇನ್ನೊಬ್ಬ, ಕಳೆದ ಸಲ ನೀರಾನೆಗೆ ತಮ್ಮನಿದ್ದ, ಈ ಸಲ ಯಾಕೆ ತಂಗಿ ಬಂದಳು ಎಂದು ಹಿಡಿದು ಕೂತ. ಮರ್ಯಾದೆ ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ ಅವಳು ಹೇಳಿದ್ದನ್ನೆಲ್ಲ ಬರೆದಿಡತೊಡಗಿದಳು. ಬರೆಯುತ್ತಾ ಬರೆಯುತ್ತಾ ಅದಕ್ಕೊಂದು ಮೊದಲು, ಒಂದು ಕೊನೆ ಹುಟ್ಟಿದವು. ನೀರಾನೆಯ ಜೊತೆಗೆ ಮಹಡಿ ಹತ್ತಲು ಹೆದರುವ ಲಿಫ್ಟು ಬಂತು, ನೆಗಡಿಯಾದ ಕೆಂಪು ದೀಪ ಬಂತು. ಒಂದಿಷ್ಟು ವರ್ಷಗಳಲ್ಲಿ ಪುಸ್ತಕವಾಗುವಷ್ಟು ಗಟ್ಟಿಯಾದ ಮೂರು ಕಥೆಗಳು ಅವಳ ಕೈಯಲ್ಲಿದ್ದವು.

ಒಬ್ಬ ತಾಯಿ ಮಗನ ಕೈಹಿಡಿದು ಹೊರಡುವಾಗ, "ಇದನ್ನ ಪುಸ್ತಕ ಮಾಡ್ಸಿ ಮೇಡಂ," ಎಂದು ಹೇಳಿ ಹೋದಳು. ಹೇಳಿದವಳಿಗೇನು, ಹೇಳಿ ಹೋದಳು. ಮೂಳೆ ಆಂಟಿಯ ನೆಮ್ಮದಿ ಅಂದಿಗೆ ಕೆಟ್ಟಿತು.

ಮೊದಲು ಗಂಡನಿಗೆ ಓದಿ ಹೇಳಿದಳು. ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕತ್ತಲ ಬಾವಿಯಂಥ ಜಾಗದಲ್ಲಿ ಗ್ರೀಸು ಬಳಿದು ಬಂದು ಕುರ್ಚಿಗೆ ಬೆನ್ನು ಕೊಟ್ಟರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ನೀರಾನೆಯ ಕಥೆ ಮುಗಿದಾಗ, "ಚೆನ್ನಾಗಿದೆ," ಎಂದ. ಲಿಫ್ಟಿನ ಕಥೆಗೂ ಚೆನ್ನಾಗಿದೆ ಎಂದ. ಅನುಮಾನ ಬಂದ ಮೂಳೆ ಆಂಟಿ ಮರುದಿನ ಆಸ್ಪತ್ರೆಯಿಂದ ಬಂದ ಸುತ್ತೋಲೆಯನ್ನು, ಸೋಪು ಹಚ್ಚಿ ಕೈ ತೊಳೆಯುವ ಸರಿಯಾದ ಕ್ರಮವನ್ನು, ಅದೇ ರಾಗದಲ್ಲಿ ಓದಿದಳು.

"ಚೆನ್ನಾಗಿದೆ," ಎಂದ ಗಂಡ, ಕಣ್ಣು ತೆರೆಯದೆ. "ಕೊನೇಲಿ ಸ್ವಲ್ಪ ಅಳು ಬಂತು."

"ರೀ, ಅದು ಕೈ ತೊಳೆಯೋ ಸುತ್ತೋಲೆ ಕಣ್ರೀ!"

"ಬರೆಯೋರು ಬರೆದ್ರೆ ಅದೂ ಅಳಿಸುತ್ತೆ ನೋಡು."

ಅವಳು ಹಣೆ ಹಣೆ ಚಚ್ಚಿಕೊಂಡಳು. ಅವನ ಪ್ರೀತಿಯ ಬಗ್ಗೆ ಅವಳಿಗೆ ದೂರಿರಲಿಲ್ಲ. ಆದರೆ ಎಲ್ಲದಕ್ಕೂ ಚೆನ್ನಾಗಿದೆ ಎನ್ನುವವನ ಚೆನ್ನಾಗಿದೆಯನ್ನು ನಂಬಿಕೊಂಡು ಯಾವ ಪ್ರಕಾಶಕರ ಬಾಗಿಲು ತಟ್ಟುವುದು?

ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಭಾನುವಾರ ಬೆಳಗ್ಗೆ ಬರಹಗಾರರ ಕೂಟವೊಂದು ಸೇರುತ್ತದೆ ಎಂದು ಕೇಳಿ ಅಲ್ಲಿಗೆ ಹೋದಳು. ಮಡಚುವ ಕುರ್ಚಿಗಳು, ಕಿರ್ರೆನ್ನುವ ಫ್ಯಾನು, ಗೋಡೆಗೆ ಒರಗಿಸಿಟ್ಟ ಮುರುಕು ಕಪಾಟು. ಕೂಟದ ಹಿರಿಯರೊಬ್ಬರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಕಥೆ ಕೇಳಿ ಗಂಟಲು ಸರಿಮಾಡಿಕೊಂಡರು. "ಎಲ್ಲಾ ಸರಿ ಮೇಡಂ, ನೀತಿ ಎಲ್ಲಿ? ಮಗು ಇದರಿಂದ ಏನು ಕಲೀತು?" ಪಕ್ಕದಲ್ಲಿದ್ದ ಹಾಡುಗಾರ್ತಿ, "ಪ್ರಾಸ ಇಲ್ದೆ ಮಕ್ಕಳ ಕಥೆನಾ?" ಎಂದು ಮೂಗು ಮುರಿದಳು. ಮೂಲೆಯಲ್ಲಿದ್ದ ಮೊಬೈಲ್ ಅಂಗಡಿಯವನು, "ಈಗ ಪ್ರಾಣಿ ಯಾರೂ ಓದಲ್ಲ ಮೇಡಂ. ರೋಬೋಟ್ ಹಾಕಿ," ಎಂದು ಖಡಾಖಂಡಿತವಾಗಿ ಹೇಳಿದ. ಅವರಲ್ಲಿ ಯಾರೂ ಯಾವ ಪ್ರಕಾಶಕರಿಗೂ ಏನನ್ನೂ ಕಳಿಸಿದವರಲ್ಲ ಎನ್ನುವುದು ಅವಳಿಗೆ ಗೊತ್ತಾಗಲು ಬಹಳ ಭಾನುವಾರಗಳು ಹಿಡಿದವು. ಅಷ್ಟರಲ್ಲಿ ನೀರಾನೆ ರೋಬೋಟ್ ಆಗಿತ್ತು, ರೋಬೋಟ್ ಗೊರಕೆಯ ನಡುನಡುವೆ ಪ್ರಾಸದಲ್ಲಿ ಮಾತಾಡುತ್ತಿತ್ತು, ಕೊನೆಯಲ್ಲಿ ಎದ್ದು ನಿಂತು ದೊಡ್ಡವರ ಮಾತು ಕೇಳಬೇಕೆಂದು ಒಂದು ಪುಟದ ಭಾಷಣ ಬಿಗಿಯುತ್ತಿತ್ತು.

ಇದನ್ನೆಲ್ಲ ಅವಳು ತಂಗಿಯ ಮುಂದೆ ಹೇಳಿಕೊಂಡಳು. ತಂಗಿ ಕಾರು ಓಡಿಸಲು ಕಲಿಸುವವಳು. ಹೆದರಿ ಸ್ಟೀರಿಂಗ್ ಅಪ್ಪಿಕೊಂಡು ಕೂತವರನ್ನು ರಸ್ತೆಗೆ ಇಳಿಸುವುದೇ ಅವಳ ಅನ್ನ. ಹಾಗಾಗಿ ಹೆದರುವವರನ್ನು ಕಂಡರೆ ಅವಳಿಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು. ಕಥೆಯ ಹೊಸ ಪ್ರತಿ ಓದಿ ಮುಗಿಸಿ ಪುಟಗಳನ್ನು ಕಾರಿನ ಬಾನೆಟ್ ಮೇಲೆ ಪಟ್ ಎಂದು ಇಟ್ಟಳು.

"ಅಕ್ಕ, ಇದೇನೇ ಇದು ಅವತಾರ? ನನ್ನ ನೀರಾನೆ ಎಲ್ಲಿ?"

"ಅವರೆಲ್ಲ ಹೇಳಿದ್ರು..."

"ಅವರೆಲ್ಲ ಹೇಳಿದ್ರೆ ನೀನು ಬಾವಿಗೆ ಬೀಳ್ತೀಯಾ? ಮೊದಲಿಂದು ಕಳಿಸು. ಇವತ್ತೇ ಕಳಿಸು."

"ಆಗಲ್ಲ ಕಣೇ."

"ಯಾಕೆ ಆಗಲ್ಲ? ಒಂದೇ ಒಂದು ಕಾರಣ ಹೇಳು."

ಮೂಳೆ ಆಂಟಿ ಯಾರಿಗೂ ಹೇಳದಿದ್ದ ಮಾತನ್ನು ಹೇಳಿದಳು. "ನನ್ನ ಕೋಣೇಲಿ ಮಗು ಕೈ ಮುರಿದುಕೊಂಡು ಮೇಜಿನ ಮೇಲೆ ಬಿದ್ದಿರುತ್ತೆ. ನನ್ನ ಕಥೆ ಕೇಳದೆ ಅದು ಎಲ್ಲಿಗೆ ಹೋಗುತ್ತೆ? ಪುಸ್ತಕ ಆದ್ರೆ ಹಾಗಲ್ಲ. ಬೇಜಾರಾದ್ರೆ ಮುಚ್ಚಿಟ್ಟು ಓಡಿಹೋಗುತ್ತೆ. ಎದ್ದು ಓಡಿಹೋಗೋ ಮಗೂಗೆ ನಾನು ಇದುವರೆಗೆ ಕಥೆ ಹೇಳಿಯೇ ಇಲ್ಲ."

ತಂಗಿ ಬಾನೆಟ್ ಮೇಲಿನ ಪುಟಗಳನ್ನು ಬಾಚಿ ಅಕ್ಕನ ಕೈಗೆ ತುರುಕಿದಳು. "ಸರಿ, ಓಡಿಹೋಗೋ ಮಕ್ಕಳನ್ನೇ ಹಿಡಿಯೋಣ ನಡಿ," ಎಂದಳು.

ತಂಗಿಯ ಮನೆಯ ಹಿಂದೆ ಆಟದ ಬಯಲಿತ್ತು. ಸಂಜೆ ಜಾರುಬಂಡೆಯ ಹತ್ತಿರ ಐದಾರು ಮಕ್ಕಳನ್ನು ಕಲೆಹಾಕಿದ್ದಾಯಿತು. ಮೂಳೆ ಆಂಟಿ ಸಿಮೆಂಟಿನ ಬೆಂಚಿನ ಮೇಲೆ ಕೂತು, ಕೂಟದವರ ಕೈಯಲ್ಲಿ ಪಳಗಿದ ಆ ಹೊಸ ಪ್ರತಿಯನ್ನೇ ಓದಿದಳು. ಹಳೆಯದನ್ನು ಓದು ಎಂದು ತಂಗಿ ಬಡಿದುಕೊಂಡರೂ, "ಇಷ್ಟು ಕಷ್ಟಪಟ್ಟು ತಿದ್ದಿದ್ದೀನಿ," ಎಂಬ ಹಟ. ಎರಡನೇ ಪುಟಕ್ಕೆ ಒಬ್ಬ ಎದ್ದು ಉಯ್ಯಾಲೆಗೆ ಹೋದ. ರೋಬೋಟಿನ ಭಾಷಣ ಶುರುವಾದದ್ದೇ ತಡ, ಉಳಿದವರೂ ಗುಬ್ಬಿಗಳ ಹಾಗೆ ಚೆದುರಿಹೋದರು. ಕೊನೆಗೆ ಉಳಿದವಳು ಒಬ್ಬಳೇ. ಅವಳೂ ಚಪ್ಪಲಿಯ ಪಟ್ಟಿ ಸಿಕ್ಕಿಹಾಕಿಕೊಂಡಿದ್ದಕ್ಕೆ ಉಳಿದದ್ದು.

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದಳು ಮೂಳೆ ಆಂಟಿ. ಕಣ್ಣು ತುಂಬಿದ್ದವು. ಆದರೂ ದನಿಯಲ್ಲಿ, ತನ್ನ ಮಾತೇ ನಿಜವಾಯಿತಲ್ಲ ಎಂಬ ಒಂದು ವಿಚಿತ್ರ ಗೆಲುವಿತ್ತು.

ತಂಗಿ ಕಥೆಯ ಕಡೆ ಕಿವಿ ಕೊಟ್ಟೇ ಇರಲಿಲ್ಲ. ಕಲಿಯುವವರ ಕಾಲು ಎಲ್ಲಿ ನಡುಗುತ್ತದೆ ಎಂದು ನೋಡಿ ನೋಡಿ ಪಳಗಿದ ಕಣ್ಣು ಅವಳದು. ಅವಳು ಮಕ್ಕಳನ್ನೇ ನೋಡುತ್ತಿದ್ದಳು. "ಮೊದಲನೆಯವನು ಹೋಗಿದ್ದು ಪ್ರಾಸ ಬಂದಾಗ. ಮಿಕ್ಕವರು ಓಡಿದ್ದು ಭಾಷಣಕ್ಕೆ. ಗೊರಕೆ ಬಂದಾಗ ಒಬ್ರೂ ಅಲ್ಲಾಡ್ಲಿಲ್ಲ. ಅಂದ್ರೆ ಓಡಿಸಿದ್ದು ನೀನಲ್ಲ, ಆ ಹಾಡುಗಾರ್ತಿ, ಆ ಬ್ಯಾಂಕ್ ಮ್ಯಾನೇಜರು. ಅವರ ಪಾಪಾನ ನೀನ್ಯಾಕೆ ಹೊರ್ತೀಯಾ?"

ಆ ವಾರವೆಲ್ಲ ಮೂಳೆ ಆಂಟಿ ಬೈದುಕೊಳ್ಳುತ್ತಲೇ ಭಾಷಣ ಹೊಡೆದು ಹಾಕಿದಳು, ಪ್ರಾಸ ಕಿತ್ತಳು, ರೋಬೋಟನ್ನು ಓಡಿಸಿ ನೀರಾನೆಯನ್ನು ಮತ್ತೆ ಮೇಜಿನ ಕೆಳಗೆ ಮಲಗಿಸಿದಳು. ಮುಂದಿನ ವಾರ ಅದೇ ಬೆಂಚು, ಹೆಚ್ಚುಕಡಿಮೆ ಅದೇ ಮಕ್ಕಳು. ಈ ಸಲ ಯಾರೂ ಏಳಲಿಲ್ಲ. ಮಧ್ಯೆ ಒಬ್ಬ ಮಾತಾಡಿದಾಗ ಪಕ್ಕದವಳು ಅವನ ಬಾಯಿ ಮುಚ್ಚಿದಳು, "ಶ್, ಎದ್ದುಬಿಡುತ್ತೆ." ಕಥೆ ಮುಗಿದ ಕೂಡಲೇ ಚೆನ್ನಾಗಿದೆ ಎಂದಾಗಲಿ ಥ್ಯಾಂಕ್ಸ್ ಎಂದಾಗಲಿ ಒಂದು ಮಾತಾಡದೆ ಎಲ್ಲರೂ ಎದ್ದು ಓಡಿದರು. ಜಾರುಬಂಡೆಯ ಕೆಳಗೆ ನುಗ್ಗಿ ಗೊರಕೆ ಹೊಡೆಯುವ ಆಟ ಶುರುವಾಯಿತು.

"ಈಗಲಾದ್ರೂ ಕಳಿಸ್ತೀಯಾ?" ಎಂದಳು ತಂಗಿ.

ಕಳಿಸಲು ಇನ್ನೂ ಒಂದು ತಿಂಗಳು ಹಿಡಿಯಿತು ಎಂದರೆ ನಂಬಬೇಕು. ಪ್ರಕಾಶನದವರಿಗೆ ಇಮೇಲಿನಲ್ಲಿ ಕಳಿಸಿದರೆ ಸಾಕಿತ್ತು. ಆದರೆ ಮೂಳೆ ಆಂಟಿಗೆ ಒಂದು ದಿನ ಅಕ್ಷರ ಸಣ್ಣದಾಗಿ ಕಂಡಿತು, ಇನ್ನೊಂದು ದಿನ ದೊಡ್ಡದಾಯಿತು. ಅವರು ಊಟದ ಹೊತ್ತಿನಲ್ಲಿ ಓದಿದರೆ ಬೇಸರಪಟ್ಟುಕೊಂಡಾರು, ಸೋಮವಾರ ಕಳಿಸಿದರೆ ಕೆಲಸದ ಗಡಿಬಿಡಿಯಲ್ಲಿ ಮರೆತಾರು, ಶುಕ್ರವಾರ ಕಳಿಸಿದರೆ ರಜೆಯ ಗುಂಗಿನಲ್ಲಿರುತ್ತಾರೆ. ರೋಸಿಹೋದ ತಂಗಿ ಒಂದು ಮಧ್ಯಾಹ್ನ ಆಸ್ಪತ್ರೆಯ ಗೇಟಿಗೇ ಕಾರು ತಂದು ನಿಲ್ಲಿಸಿ, ಅಕ್ಕನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಲ್ಯಾಪ್‌ಟಾಪನ್ನು ಅವಳ ತೊಡೆಯ ಮೇಲಿಟ್ಟಳು. ಎಲ್ಲ ಸಿದ್ಧವಿತ್ತು. ಒಂದು ಬಟನ್ ಒತ್ತುವುದಷ್ಟೇ ಬಾಕಿ.

"ನೀನೇ ಒತ್ತಿಬಿಡೇ. ನಾನು ಕಣ್ಣು ಮುಚ್ಕೋತೀನಿ."

"ಅದೊಂದು ಮಾತ್ರ ಆಗಲ್ಲ," ಎಂದಳು ತಂಗಿ. ಅವಳ ದನಿ ಮೊದಲ ಸಲ ಮೆತ್ತಗಾಗಿತ್ತು. "ಈ ಕಾರಲ್ಲಿ ನನ್ನ ಕಾಲ ಕೆಳಗೂ ಬ್ರೇಕ್ ಇದೆ, ನೋಡು. ಕಲಿಯೋರು ಗುದ್ದಕ್ಕೆ ಹೋದ್ರೆ ನಾನು ನಿಲ್ಲಿಸ್ತೀನಿ. ಆದ್ರೆ ಆಕ್ಸಿಲರೇಟರ್ ಇಲ್ಲ. ಮುಂದೆ ಹೋಗ್ಬೇಕು ಅಂದ್ರೆ ಅವರೇ ಒತ್ಬೇಕು. ನಾನು ಒತ್ತಿದ್ರೆ ನಾಳೆ ಬೇಡ ಅಂತ ಉತ್ತರ ಬಂದಾಗ ನನ್ನ ಬೈತೀಯ. ಹೂಂ ಅಂತ ಬಂದ್ರೆ ನಿನಗೇ ನಂಬಿಕೆ ಬರಲ್ಲ."

ಹಿಂದಿನಿಂದ ಆಂಬ್ಯುಲೆನ್ಸಿನವನು ಹಾರ್ನ್ ಬಾರಿಸತೊಡಗಿದ. ಗೇಟಿಗೆ ಅಡ್ಡ ನಿಂತಿದ್ದರಲ್ಲ. "ಏನಮ್ಮಾ, ಗಾಡಿ ತೆಗೀತೀರೋ ಇಲ್ವೋ?" ಎಂದು ಅವನು ತಲೆ ಹೊರಗೆ ಹಾಕಿ ಕೂಗಿದ. "ಒಂದು ನಿಮಿಷ ತಡ್ಕೊಳ್ಳಪ್ಪಾ!" ಎಂದು ತಿರುಗಿ ಕೂಗಿದ ಮೂಳೆ ಆಂಟಿ, ಆ ಸಿಟ್ಟಿನಲ್ಲೇ ಬಟನ್ ಒತ್ತಿದಳು. ಆಮೇಲೆ ಸೀಟು ಬದಲಾಯಿಸಿ ಕಾರು ತೆಗೆಯುವ ಹೊತ್ತಿಗೆ ಅವನ ಬೈಗುಳ ಮುಗಿದಿತ್ತು.

ಒಳ್ಳೆಯ ಸುದ್ದಿ ಓಡೋಡಿ ಬರಲಿಲ್ಲ. ಮೊದಲನೆಯವರು ಬಹಳ ದಿನ ಕಾಯಿಸಿ ಎರಡು ಸಾಲಿನಲ್ಲಿ ಬೇಡ ಎಂದರು. ಮೂಳೆ ಆಂಟಿ ಆ ಎರಡು ಸಾಲನ್ನು ಗಂಡನಿಗೆ ಓದಿ ಹೇಳಿದಳು. ಅವನು ಈ ಸಲ ಕಣ್ಣು ತೆರೆದು, "ಇದು ಚೆನ್ನಾಗಿಲ್ಲ," ಎಂದ. ಅವಳಿಗೆ ಅಳುವಿನ ನಡುವೆ ನಗು ಬಂತು. ತಂಗಿ ಫೋನಿನಲ್ಲಿ, "ಮೊದಲ ಟೆಸ್ಟಲ್ಲಿ ಫೇಲಾಗದೆ ಲೈಸೆನ್ಸ್ ತಗೊಂಡೋರು ಎಷ್ಟು ಜನ ಇದ್ದಾರೆ? ಇನ್ನೊಬ್ರಿಗೆ ಕಳಿಸು," ಎಂದು ಇಟ್ಟುಬಿಟ್ಟಳು. ಎರಡನೆಯವರು ಉತ್ತರವನ್ನೇ ಕೊಡಲಿಲ್ಲ. ಮೂರನೆಯ ಕಡೆಯಿಂದ ಸಂಪಾದಕಿಯೊಬ್ಬಳು ಫೋನ್ ಮಾಡಿದಳು. ಲಿಫ್ಟಿನ ಕಥೆ ಬೇಡ, ಕೆಂಪು ದೀಪದ ಕಥೆ ಇನ್ನೂ ಬೆಂದಿಲ್ಲ, ಆದರೆ ನೀರಾನೆಯನ್ನು ತೆಗೆದುಕೊಳ್ಳುತ್ತೇವೆ ಎಂದಳು.

"ಒಂದೇ ಒಂದು ಮಾತು ಮೇಡಂ. ಆಸ್ಪತ್ರೆ ಅಂದ್ರೆ ಮಕ್ಕಳು ಹೆದರ್ಕೊಳ್ಳಲ್ವಾ? ನೀರಾನೆನ ಮನೆ ಮಂಚದ ಕೆಳಗೆ ಮಲಗಿಸಿದ್ರೆ ಹೇಗೆ?"

ಒಂದು ವರ್ಷದ ಹಿಂದಾಗಿದ್ದರೆ ಮೂಳೆ ಆಂಟಿ ಅಂದೇ ಮಂಚ ತರಿಸುತ್ತಿದ್ದಳು. ಈಗ ಫೋನ್ ಹಿಡಿದು ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತವಳು ಸುತ್ತಲೂ ನೋಡಿದಳು. ಹೊರಗಿನ ಬೆಂಚಿನಲ್ಲಿ ಮುರಿದ ಕೈಯನ್ನು ಬಟ್ಟೆಯಿಂದ ಕತ್ತಿಗೆ ತೂಗುಹಾಕಿಕೊಂಡ ಮಗುವೊಂದು ಕೆಂಪು ದೀಪವನ್ನೇ ದಿಟ್ಟಿಸುತ್ತಾ ಕೂತಿತ್ತು.

"ಹೆದರ್ತಾರೆ," ಎಂದಳು. "ಹೆದರ್ತಾರೆ ಅಂತಾನೇ ನೀರಾನೆ ಇರೋದು. ಮಂಚದ ಕೆಳಗೆ ಮಲಗಿಸಿದ್ರೆ ಅದಕ್ಕೆ ಅಲ್ಲೇನು ಕೆಲಸ? ಬೇಕಾದ್ರೆ ಹೀಗೇ ತಗೊಳ್ಳಿ, ಇಲ್ಲಾಂದ್ರೆ ಬಿಡಿ."

ಹೇಳಿ ಮುಗಿಸಿದ ಮೇಲೆ, ಕೈಗೆ ಬಂದದ್ದನ್ನು ಕಳೆದುಕೊಂಡೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಸಂಪಾದಕಿ, "ಸರಿ, ಮೇಜಿನ ಕೆಳಗೇ ಇರ್ಲಿ," ಎಂದಳು.

ಅಂದು ಸಂಜೆ ಮೂಳೆ ಆಂಟಿ ಉಳಿದ ಎರಡು ಕಥೆಗಳನ್ನು ತೆಗೆದು ಕೂತಳು. ಕೆಂಪು ದೀಪದ್ದು ಇನ್ನೂ ಬೆಂದಿಲ್ಲ ಎನ್ನುವುದು ನಿಜವೆನ್ನಿಸಿತು, ಅದನ್ನು ಪಕ್ಕಕ್ಕಿಟ್ಟಳು. ಲಿಫ್ಟಿನದು ಬೇಡ ಎಂದವರಿಗೆ ಬುದ್ಧಿಯಿಲ್ಲ ಎಂದು ಖಚಿತವಾಯಿತು. ಅದನ್ನು ಇನ್ನೊಬ್ಬ ಪ್ರಕಾಶಕರಿಗೆ ಕಳಿಸಿ, ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಭಾವನಿಂದ ಸುದ್ದಿ ತಿಳಿದ ತಂಗಿ ತಕ್ಷಣ ಫೋನ್ ಮಾಡಿದಳು. "ನನಗೆ ಒಂದು ಮಾತೂ ಹೇಳ್ದೆ ಕಳಿಸಿಬಿಟ್ಟಾ? ಅಲ್ಲಾ ಅಕ್ಕ, ಒಂದು ತಿಂಗಳು ನನ್ನ ಪ್ರಾಣ ಹಿಂಡಿದೋಳು, ಈಗ ಯಾರನ್ನೂ ಕೇಳೋದೇ ಬೇಡ್ವಾ ನಿಂಗೆ?"

"ಕೈ ಒದ್ದೆ ಇದೆ ಕಣೇ, ಆಮೇಲೆ ಮಾತಾಡ್ತೀನಿ," ಎಂದಳು ಮೂಳೆ ಆಂಟಿ.