ಒರಿಜಿನಲ್ ತಗೊಂಡ್ರಾ?

ಮೂಲೆಯ ಜೆರಾಕ್ಸ್ ಅಂಗಡಿಯ ಯಜಮಾನರ ಬಾಯಿಗೆ ‘ಒರಿಜಿನಲ್’ ಎಂಬ ಮಾತು ಅಂಟಿಕೊಂಡು ಎಷ್ಟು ವರ್ಷವಾಯಿತೋ, ಬಿಡುವ ಲಕ್ಷಣವಂತೂ ಇಲ್ಲ. ಚಹಾ ಚೆನ್ನಾಗಿದ್ದರೆ ಒರಿಜಿನಲ್, ಬಿಸಿಲು ಜೋರಾದರೂ ಒರಿಜಿನಲ್, ಗಿರಾಕಿ ಕೆಮ್ಮಿದರೆ, “ಇದು ಒರಿಜಿನಲ್ ಕೆಮ್ಮು ಕಣ್ರೀ, ಡಾಕ್ಟರಿಗೆ ತೋರಿಸ್ಕೊಳ್ಳಿ.” ಮೊನ್ನೆ ಅಳಿಯನನ್ನು “ಒರಿಜಿನಲ್ ಮನುಷ್ಯ” ಎಂದುಬಿಟ್ಟರು, ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಮಗಳು ಎರಡು ದಿನ ತಲೆ ಕೆಡಿಸಿಕೊಂಡಳು. ಗಿರಾಕಿ ಮೆಟ್ಟಿಲಿಳಿದರೆ ಸಾಕು, ಯಂತ್ರದ ಮುಚ್ಚಳ ಎತ್ತಿ ನೋಡಿ, “ರೀ, ಒರಿಜಿನಲ್ ತಗೊಂಡ್ರಾ?” ಎಂದು ಕೂಗುತ್ತಾರೆ, ಒಮ್ಮೊಮ್ಮೆ ಬರಿಗಾಲಲ್ಲೇ ತಿರುವಿನವರೆಗೆ ಓಡುತ್ತಾರೆ. ಅಷ್ಟೊಂದು ಓಟ ಯಾಕೆಂದು ಕೇಳಿದವರಿಗೆ ಗೋಡೆಯ ಮೇಲಿನ ಕಪ್ಪು-ಬಿಳುಪು ಹಾಳೆಯನ್ನು ತೋರಿಸುತ್ತಾರೆ. ಅದು ಅವರ ಅಮ್ಮ. ಅಮ್ಮನದೆಂದು ಇದ್ದ ಒಂದೇ ಫೋಟೊವನ್ನು ಯಜಮಾನರು ಹರೆಯದಲ್ಲಿ ಯಾವುದೋ ಊರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಪ್ರತಿಯನ್ನಷ್ಟೇ ಹಿಡಿದು ಬಸ್ಸು ಹತ್ತಿದ್ದರು. ಫೋಟೊ ಮುಚ್ಚಳದಡಿಯಲ್ಲೇ ಉಳಿದು ಕೈತಪ್ಪಿಹೋಯಿತು. ಹಾಳೆಯಲ್ಲಿ ಅಮ್ಮನ ಕೆನ್ನೆಯ ಮೇಲೊಂದು ಚುಕ್ಕೆಯಿದೆ. ಅಕ್ಕ ಅದನ್ನು ಮಚ್ಚೆ ಎನ್ನುತ್ತಾಳೆ, ಚಿಕ್ಕಮ್ಮ ಯಂತ್ರದ ಮಸಿ ಎನ್ನುತ್ತಾರೆ. ಯಾರ ಮಾತು ನಿಜವೆಂದು ನೋಡಲು ಯಜಮಾನರು ಕಣ್ಣು ಮುಚ್ಚಿ ಅಮ್ಮನ ಮುಖವನ್ನು ನೆನೆಯುತ್ತಾರೆ. ಆಗಲೂ ಎದುರಿಗೆ ಬಂದು ನಿಲ್ಲುವುದು ಈ ಹಾಳೆಯೇ, ಚುಕ್ಕೆ ಸಮೇತ.