ಕರ್ಚೀಫು ಕಾದ ಸೀಟು

ರೈಲು ಟೇಕಲ್ ಸ್ಟೇಷನ್ ದಾಟುತ್ತಿದ್ದಂತೆ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈ ಜೋಮು ಹಿಡಿಯಿತು. ಉಸಿರು ಒಳಗೆ ಹೋಗುತ್ತಿಲ್ಲ. ಎದುರಿಗೆ ಕೂತು ಹೂ ಕಟ್ಟುತ್ತಿದ್ದ ಗೆಳತಿ ಸೆಲ್ವಿ, ಹೂ ಬಿಸಾಕಿ ನನ್ನ ಬೆನ್ನು ತಿಕ್ಕಿದಳು.

ಸತ್ತೇ ಹೋದೆ ಅಂದುಕೊಂಡೆ.

ಸಾಯಲಿಲ್ಲ. ಮಾಲೂರಿನಲ್ಲಿ ಇಳಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ನಾರ್ಮಲ್, ಬಿಪಿ ನಾರ್ಮಲ್, ಬ್ಲಡ್ ಟೆಸ್ಟ್ ನಾರ್ಮಲ್. ಎಲ್ಲಾ ನಾರ್ಮಲ್ ಆದರೆ ನನಗೇನು ರೋಗ ಎಂದು ರೇಗಿಯೇ ಬಿಟ್ಟೆ. ಡಾಕ್ಟರಮ್ಮ ತಾಳ್ಮೆಯವರು. "ಇದು ಪ್ಯಾನಿಕ್ ಅಟ್ಯಾಕ್. ನಿಮ್ಮ ಹಾರ್ಟ್ ಚೆನ್ನಾಗಿದೆ. ಹಾಗಂತ ಸುಳ್ಳು ಕಾಯಿಲೆ ಅಲ್ಲಮ್ಮ, ವಾಸಿಯಾಗುತ್ತೆ," ಎಂದು ಮಾತ್ರೆ ಬರೆದುಕೊಟ್ಟರು.

ನಾನು ಹನ್ನೊಂದು ವರ್ಷದಿಂದ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡ್ ಕಡೆಯ ಗಾರ್ಮೆಂಟ್ಸಿಗೆ ಹೋಗುವವಳು. ಕೆಜಿಎಫ್ ಕಡೆಯಿಂದ ಬರುವಾಗಲೇ ರೈಲು ತುಂಬಿರುತ್ತದೆ. ಆಂಡರ್ಸನ್‌ಪೇಟೆಯ ಸೆಲ್ವಿ ಅಲ್ಲೇ ಹತ್ತಿ, ಕಿಟಕಿ ಪಕ್ಕದ ಸೀಟಿಗೆ ನನಗೋಸ್ಕರ ಕರ್ಚೀಫು ಹಾಕುತ್ತಾಳೆ. ನಮ್ಮ ಲೇಡೀಸ್ ಬೋಗಿಯಲ್ಲಿ ಕರ್ಚೀಫು ಬಿದ್ದರೆ ಮುಗಿಯಿತು, ಬಂಗಾರಪೇಟೆ ದಾಟುವವರೆಗೆ ಆ ಸೀಟನ್ನು ಯಾರೂ ಮುಟ್ಟುವಂತಿಲ್ಲ.

ಆಮೇಲೆ ಎರಡು ಸಲ ಸ್ಟೇಷನ್‌ವರೆಗೆ ಹೋದೆ. ರೈಲು ಬರುವುದು ಕಂಡರೆ ಬೆಂಚು ಬಿಟ್ಟು ಏಳಲಾಗುತ್ತಿರಲಿಲ್ಲ. ಎರಡು ಸಲವೂ ವಾಪಸ್ ಬಂದೆ.

"ಓಗ್ಬ್ಯಾಡ ಬುಡು. ಎರಡು ಸೀಮೆ ಅಸ ಅವೆ, ನೋಡ್ಕೊಂಡು ಮನ್ಯಾಗಿರು," ಎಂದರು ನಮ್ಮ ಯಜಮಾನರು. ಪ್ರೀತಿಯಿಂದಲೇ ಅಂದದ್ದು. ಆದರೂ ನನಗೆ ಮೈಯೆಲ್ಲಾ ಉರಿಯಿತು. ಒಮ್ಮೆ ಹೆದರಿ ಮನೆಯೊಳಗೆ ಕೂತರೆ, ನಾಳೆ ಸಂತೆಗೂ ಹೋಗಲಾರೆ, ನಾಡಿದ್ದು ಹಾಲಿನ ಡೈರಿಗೂ ಹೋಗಲಾರೆ ಎಂದು ನನಗೆ ಗೊತ್ತಾಗುತ್ತಿತ್ತು.

ಎರಡನೇ ಭೇಟಿಯಲ್ಲಿ ಡಾಕ್ಟರಮ್ಮ ಓದುವ ಅಭ್ಯಾಸ ಇತ್ತಾ ಎಂದು ಕೇಳಿದರು. ಇತ್ತು, ಮದುವೆಯಾಗುವವರೆಗೆ. "ಮತ್ತೆ ಶುರು ಮಾಡಿ. ಮಾತ್ರೆ ಜೊತೆಗೆ ಮನಸ್ಸಿಗೂ ಒಂದು ಕೆಲಸ ಬೇಕು," ಎಂದರು.

ನಮ್ಮ ಪಂಚಾಯ್ತಿ ಲೈಬ್ರರಿಯ ಮೇಡಂ ನನ್ನ ಫೋನಿಗೇ ಲೈಬ್ರರಿಯ ಆ್ಯಪ್ ಹಾಕಿಕೊಟ್ಟರು. "ಪುಸ್ತಕ ಇದ್ರಾಗೇ ಬತ್ತದೆ. ಅದಿನಾಲ್ಕು ದಿನ ಆದ್ಮ್ಯಾಕೆ ತಾನೇ ಒಂಟೋಗ್ತದೆ."

ಕೊಟ್ಟಿಗೆಯಲ್ಲಿ ಬೂಸಾ ಬಕೆಟ್ ಬೋರಲು ಹಾಕಿ ಕೂತು ಓದುತ್ತಿದ್ದೆ. ಮೊದಲ ವಾರ ದಿನಕ್ಕೆ ಒಂದೇ ಪುಟ. ಆಮೇಲೆ ಹತ್ತು. ಒಂದು ದಿನ ಓದುತ್ತಾ ಗಟ್ಟಿಯಾಗಿ ನಕ್ಕುಬಿಟ್ಟೆ. ಹಸು ತಿರುಗಿ ನೋಡಿತು. ನಾನು ನಕ್ಕು ಎಷ್ಟು ದಿನವಾಗಿತ್ತೋ, ಪಾಪ, ಅದಕ್ಕೂ ಮರೆತುಹೋಗಿರಬೇಕು.

ಹದಿನೈದನೇ ದಿನ ಪುಸ್ತಕ ಮಾಯ. ಇನ್ನೂ ಎರಡು ಅಧ್ಯಾಯ ಬಾಕಿ ಇತ್ತು. ಮತ್ತೆ ಕೇಳಿದರೆ, ಅದು ಆಗಲೇ ಬೇರೆಯವರ ಪಾಲಾಗಿತ್ತು.

ಎದೆ ಮತ್ತೆ ಡವಡವ. ಆ ಭಯದಲ್ಲಿ ಸಿಕ್ಕಿದ ಐದು ಪುಸ್ತಕ ಒಟ್ಟಿಗೆ ಬಾಚಿಕೊಂಡೆ. ಓದಲಿಕ್ಕಲ್ಲ, ಇರಲಿ ಅಂತ. ಆರನೆಯದನ್ನು ಫೋನು ಕೊಡಲಿಲ್ಲ. ದೂರು ಹೇಳಲು ಲೈಬ್ರರಿಗೆ ಹೋದೆ. ಮೇಡಂ ನನ್ನ ಫೋನು ನೋಡಿ ಸೊಂಟದ ಮೇಲೆ ಕೈಯಿಟ್ಟರು.

"ಐದು ತಗೊಂಡು ಒಂದೂ ತೆಗ್ದಿಲ್ವಲ್ಲಮ್ಮ! ನೋಡಿಲ್ಲಿ, ಒಂದೊಂದಕ್ಕೂ ಜನ ಕಾಯ್ತಾವ್ರೆ. ರೈಲಾಗೆ ಆಕ್ದಂಗೆ ಇಲ್ಲೂ ಕರ್ಚೀಫು ಆಕ್ಬುಟ್ಟಿದ್ದೀಯ!"

ನಾಚಿಕೆಯಾಯಿತು. ಒಂದನ್ನು ಇಟ್ಟುಕೊಂಡು ನಾಲ್ಕನ್ನು ಅಲ್ಲೇ ಬಿಟ್ಟುಕೊಟ್ಟೆ. ದಾರಿಯಲ್ಲಿ ನನ್ನ ಸೀಟಿನ ನೆನಪಾಗಿ ಸೆಲ್ವಿಗೆ ಫೋನು ಮಾಡಿದೆ.

"ಏಳು ವಾರದಿಂದ ದಿನಾ ಆಕ್ತಾ ಇದೀನಿ ಅಕ್ಕಾ," ಎಂದಳು. "ಮೊನ್ನೆ ಒಬ್ಳು ಜಗಳಕ್ಕೇ ಬಂದ್ಲು. ಬುಡ್ಲಿಲ್ಲ ನಾನು."

ಪುಸ್ತಕ ಬಿಟ್ಟುಕೊಟ್ಟ ಹಾಗೆ ಸೀಟೂ ಬಿಟ್ಟುಕೊಡು ಎನ್ನಲೆಂದೇ ಫೋನು ಮಾಡಿದ್ದು. ಬಾಯಿಗೆ ಬಂದದ್ದೇ ಬೇರೆ.

"ಸೋಮವಾರ ಬತ್ತೀನಿ ಕಣೇ," ಅಂದುಬಿಟ್ಟೆ.

ಉಳಿಸಿಕೊಂಡ ಪುಸ್ತಕವನ್ನು ಅಷ್ಟರೊಳಗೆ ಓದಿ, ಕೊನೆಯ ಅಧ್ಯಾಯ ಮಾತ್ರ ಬಾಕಿಯಿಟ್ಟೆ. ಟೇಕಲ್ ಬರುವವರೆಗೆ ತೆಗೆಯಬಾರದು ಎಂದು ನನಗೆ ನಾನೇ ಆಣೆ ಹಾಕಿಕೊಂಡೆ.

ಸೋಮವಾರ ಸೆಲ್ವಿ ಕೈ ಹಿಡಿದು ಹತ್ತಿಸಿಕೊಂಡಳು. ಕರ್ಚೀಫು ಎತ್ತಿ ಕೂತೆ. ಟೇಕಲ್ ಬಂತು. ಎದೆಯಲ್ಲಿ ಡವಡವ ಶುರುವಾಯಿತು. ಫೋನು ತೆಗೆದೆ. ಒಂದೇ ಸಾಲನ್ನು ಮೂರು ಸಲ ಓದಿದೆ, ತಲೆಗೆ ಹೋಗಲಿಲ್ಲ.

"ಜೋರಾಗಿ ಓದಕ್ಕಾ, ನಮ್ಗೂ ಕೇಳ್ಸಲಿ," ಎಂದಳು ಸೆಲ್ವಿ.

ನಡುಗುವ ದನಿಯಲ್ಲೇ ಓದಿದೆ. ಅಕ್ಕಪಕ್ಕದವರು ಮಾತು ನಿಲ್ಲಿಸಿ ಕಿವಿಗೊಟ್ಟರು. ಓದುತ್ತಾ ಓದುತ್ತಾ ದನಿ ತಾನಾಗಿ ಸರಿಹೋಯಿತು. ಅಧ್ಯಾಯ ಮುಗಿಸಿ ತಲೆಯೆತ್ತಿ ಕಿಟಕಿಯಾಚೆ ನೋಡಿದೆ.

ಮಾಲೂರು ಹಿಂದೆ ಹೋಗಿತ್ತು.

ಪೂರ್ತಿ ವಾಸಿಯಾಯಿತು ಎನ್ನುವ ಧೈರ್ಯ ಇನ್ನೂ ಇಲ್ಲ. ಮಾತ್ರೆ ನಡೆಯುತ್ತಿದೆ. ಟೇಕಲ್‌ನಲ್ಲಿ ಎದೆ ಒಮ್ಮೊಮ್ಮೆ ಕಿರಿಕ್ ಮಾಡುತ್ತದೆ. ಆದರೆ ದಿನಾ ಹೋಗಿ ಬರುತ್ತಿದ್ದೇನೆ, ಅಷ್ಟು ಸಾಕು. ಆ ಪುಸ್ತಕವನ್ನು ಮಾತ್ರ ಆ ಸೋಮವಾರ ವೈಟ್‌ಫೀಲ್ಡ್ ಬರುವ ಮೊದಲೇ, ವಾಯಿದೆಗೆ ಐದು ದಿನ ಮುಂಚೆ, ಫೋನಿನಲ್ಲೇ ಹಿಂದಿರುಗಿಸಿದೆ. ಯಾರೋ ಕಾಯುತ್ತಿದ್ದರು.

ಅವತ್ತು ಇಳಿಯುವಾಗ ಸೆಲ್ವಿ ಕರ್ಚೀಫನ್ನು ನನ್ನ ಕೈಗೆ ತುರುಕಿ, "ಏಳು ವಾರದ ಕೊಳೆ ಅಕ್ಕಾ, ಒಗ್ದು ತಂದ್ಕೊಡು," ಎಂದಳು. ಒಗೆದು, ಇಸ್ತ್ರಿ ಮಾಡಿ, ಬೀರುವಿನಲ್ಲಿ ಇಟ್ಟಿದ್ದೇನೆ. ಅವಳು ಈಗ ಬೇರೆ ಕರ್ಚೀಫು ಹಾಕುತ್ತಾಳೆ. ಇದನ್ನು ಮಾತ್ರ ನಾನು ವಾಪಸ್ ಕೊಡುವುದಿಲ್ಲ.